ಹಳ್ಳದ ಜಾಡಿನಲ್ಲಿ ಸಾವೊ ಪೌಲೊ

ಮಲೆನಾಡಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಬ್ರೆಜಿಲ್ ಎಂದರೆ ಮೊದಲು ನೆನಪಾಗುವುದು ಹಿಮ, ಫುಟ್‌ಬಾಲ್ ಆಮೇಲೆ. 1994ರ ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿನ ತೋಟಗಳಿಗೆ ಎರಡು ಬಾರಿ ಹಿಮ ಬಡಿದು ಗಿಡಗಳು ಕರಕಲಾದವು, ಜಗತ್ತಿನ ಕಾಫಿ ಬೆಲೆ ಒಮ್ಮೆಲೇ ಜಿಗಿಯಿತು. ನಮ್ಮಲ್ಲಿ ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕಾಗಿದ್ದ ಪೂಲ್ ಪದ್ಧತಿ ಸಡಿಲವಾಗಿ, ಬೆಳೆಗಾರರು ತಾವೇ ಮಾರಲು ಶುರುಮಾಡಿದ್ದ ಕಾಲ ಅದು. ಮೂಡಿಗೆರೆ, ಸಕಲೇಶಪುರದ ಕಡೆ ಎಷ್ಟೋ ಹಳೆಯ ಸಾಲಗಳು ಆಗ ತೀರಿದವು, ಹಂಚಿನ ಮನೆಗಳ ಪಕ್ಕ ತಾರಸಿ ಮನೆಗಳು ಎದ್ದವು. ಎಲ್ಲರೂ ಸಂಭ್ರಮದಲ್ಲಿದ್ದಾಗ ನಮ್ಮ ಅಜ್ಜಿ ಮಾತ್ರ, ಯಾರ ಮನೆ ಮುಳುಗಿ ನಮಗಿದು ಬಂತೋ ಎನ್ನುತ್ತಿದ್ದರು. ಮುಂದೆ ಕೆಲಸದ ಮೇಲೆ ಸಾವೊ ಪೌಲೊ ನಗರದಲ್ಲಿ ಇರಬೇಕಾಗಿ ಬಂದಾಗ ಆ ಮಾತು ನನ್ನ ಜೊತೆಗೇ ಬಂದಿತ್ತು.

ಸಾವೊ ಪೌಲೊ ಕಾಫಿ ಕಟ್ಟಿದ ಊರು. 1554ರ ಜನವರಿ 25ರಂದು ಜೆಸ್ಯೂಯಿಟ್ ಪಾದ್ರಿಗಳು ಗುಡ್ಡವೊಂದರ ಮೇಲೆ ಕಟ್ಟಿಕೊಂಡ ಶಾಲೆಯಿಂದ ಊರಿನ ಚರಿತ್ರೆ ಶುರುವಾಗುತ್ತದಾದರೂ ಮುಂದಿನ ಮುನ್ನೂರು ವರ್ಷ ಅದು ಹೆಚ್ಚೇನೂ ಬೆಳೆಯಲಿಲ್ಲ. 1872ರಲ್ಲೂ ಅಲ್ಲಿದ್ದವರು ಸುಮಾರು 31,000 ಜನ. 1900ರ ಹೊತ್ತಿಗೆ ಸುಮಾರು 2,40,000. ಈಗ, 2022ರ ಜನಗಣತಿಯ ಪ್ರಕಾರ, ಒಂದು ಕೋಟಿ 14 ಲಕ್ಷ. ಅಂಟಿಕೊಂಡ ಪಟ್ಟಣಗಳನ್ನೂ ಸೇರಿಸಿದರೆ ಎರಡು ಕೋಟಿ ದಾಟುತ್ತದೆ. ಈ ಬೆಳವಣಿಗೆಗೆ ದಾರಿ ಮಾಡಿದ್ದು 1867ರಲ್ಲಿ ಬಂದ ರೈಲು. ಸಾಂತೋಸ್ ಬಂದರಿನಿಂದ ಸೆರ್ರಾ ದೊ ಮಾರ್ ಎಂಬ ಘಟ್ಟಸಾಲನ್ನು ಹತ್ತಿಸಲು ಬ್ರಿಟಿಷ್ ಕಂಪನಿ ಬೋಗಿಗಳಿಗೆ ಉಕ್ಕಿನ ಹಗ್ಗ ಕಟ್ಟಿ ಎಳೆಯುವ ಏರ್ಪಾಡು ಮಾಡಿತು. ಇಳಿಯುವಾಗ ಕಾಫಿ ಮೂಟೆ, ಹತ್ತುವಾಗ ಜನ. ಘಟ್ಟದ ಕೆಳಗೆ ಬಂದರು, ಮೇಲೆ 760 ಮೀಟರ್ ಎತ್ತರದ ಬಯಲಲ್ಲಿ ಊರು, ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ ಹರಿಯುವ ನದಿ: ಶಿರಾಡಿ ಘಾಟಿ ಹತ್ತಿಳಿದು ಬೆಳೆದವರಿಗೆ ಈ ಭೂಗೋಳವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ನದಿಯ ಹೆಸರು ತಿಯೆಟೆ. ಅಟ್ಲಾಂಟಿಕ್ ತೀರದಿಂದ 22 ಕಿಲೋಮೀಟರ್ ದೂರದಲ್ಲಷ್ಟೇ ಹುಟ್ಟಿದರೂ ಅದು ಪಶ್ಚಿಮಕ್ಕೆ ತಿರುಗಿ 1,100 ಕಿಲೋಮೀಟರಿನಷ್ಟು ಸಾಗಿ ಪರಾನಾ ನದಿಯನ್ನು ಸೇರುತ್ತದೆ.

ಹೊಸಬರನ್ನು ಅಲ್ಲಿನವರು ಮೊದಲು ಎತ್ತರಕ್ಕೆ ಕರೆದೊಯ್ಯುತ್ತಾರೆ. ಹಳೆಯ ಪೇಟೆಯಲ್ಲಿ 1947ರಲ್ಲಿ ಮುಗಿದ ಬ್ಯಾಂಕ್ ಗೋಪುರವೊಂದಿದೆ; ಅದರ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರವೂ ಕಟ್ಟಡಗಳೇ. ಆ ನೋಟ ದಂಗುಬಡಿಸುತ್ತದೆ, ಆದರೆ ಊರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ನಗರವನ್ನು ಅರಿಯಲು ತಗ್ಗಿಗೆ ಇಳಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ತನ್ನ ನೂರಾರು ಹಳ್ಳ, ತೊರೆಗಳನ್ನು ಕೊಳವೆಗೆ ತುಂಬಿ ಮೇಲೆ ರಸ್ತೆ ಹಾಕಿಕೊಂಡ ಊರಿದು. ತನ್ನನ್ನು ಕಟ್ಟಿದ ಜನರಲ್ಲಿ ಕಣ್ಣಿಗೆ ಬೀಳಬಾರದು ಅನ್ನಿಸಿದವರನ್ನೂ ಅದೇ ತಗ್ಗುಗಳಿಗೆ ತಳ್ಳಿತು. ಇವತ್ತು ಅದು ಹೆಮ್ಮೆಪಡುವ ಫುಟ್‌ಬಾಲ್, ಸಾಂಬಾ, ಬೀದಿ ಚಳವಳಿ, ಕವಿತೆಗಳಲ್ಲಿ ಬಹಳಷ್ಟು ಹುಟ್ಟಿಬಂದದ್ದು ಅಲ್ಲಿಂದಲೇ.

ಈ ಬಗೆಯ ನಡಿಗೆಯನ್ನು ನನಗೆ ಕಲಿಸಿದವರು ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು. ರಜೆಯ ದಿನ ಅವರೊಂದಿಗೆ ಹೊರಟರೆ ಕಣ್ಣು ನೆಲದ ಮೇಲೇ ಇರಬೇಕು. ಸೀದಾ ಹೋಗುತ್ತಿದ್ದ ಬೀದಿ ಕಾರಣವಿಲ್ಲದೆ ಹಾವಿನಂತೆ ಬಳುಕಿದರೆ, ಎರಡು ಮನೆಗಳ ಹಿತ್ತಿಲ ನಡುವೆ ಕಿರಿದಾದ ಓಣಿಯೊಂದು ನುಸುಳಿದರೆ, ಗೋಡೆಯ ಬುಡದಲ್ಲಿ ಬೇಸಿಗೆಯಲ್ಲೂ ಪಾಚಿ ಇದ್ದರೆ ಅವರು ನಿಲ್ಲುತ್ತಿದ್ದರು. ಕಬ್ಬಿಣದ ಜಾಲರಿ ಮುಚ್ಚಳದ ಬಳಿ ಕುಕ್ಕರುಗಾಲಲ್ಲಿ ಕೂತು ಕಿವಿಗೊಡಲು ಹೇಳುತ್ತಿದ್ದರು. ವಾರಗಟ್ಟಲೆ ಮಳೆಯಿಲ್ಲದ ದಿನವೂ ಕೆಳಗೆ ನೀರು ಓಡುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಪೊಂಪೇಯ ಎಂಬ ಬಡಾವಣೆಯಲ್ಲಿ, ಪಾಳುಬಿದ್ದಿದ್ದ ಇಳಿಜಾರಿನ ಉದ್ಯಾನವೊಂದರಲ್ಲಿ ಒಸರುವ ಸೆಲೆಗಳನ್ನು ನಿವಾಸಿಗಳೇ ಹುಡುಕಿ, ಸಣ್ಣ ಹೊಂಡ ಕಟ್ಟಿ, ಮೀನು ಬಿಟ್ಟಿದ್ದಾರೆ. ಆಗ್ವಾ ಪ್ರೆಟಾ ಎಂಬ ಹಳ್ಳಕ್ಕೆ ನೀರುಣಿಸುವ ಸೆಲೆಗಳವು. ಹೊಂಡ ದಾಟಿ ನಾಲ್ಕು ಹೆಜ್ಜೆ ಹೋದರೆ ಆ ಹಳ್ಳ ಮತ್ತೆ ಕೊಳವೆಯೊಳಗೆ ಮಾಯ.

ಪಾದ್ರಿಗಳು ಆಯ್ದುಕೊಂಡ ಗುಡ್ಡದ ಒಂದು ಮಗ್ಗುಲಿಗೆ ತಮಾಂಡುವಾತೇಯಿ ನದಿ, ಇನ್ನೊಂದು ಮಗ್ಗುಲಿಗೆ ಅನ್ಯಂಗಬಾವು ಹಳ್ಳ. ಮೊದಲಿನದು ಮಳೆಗಾಲದಲ್ಲಿ ಹರಡಿಕೊಂಡು ದೊಡ್ಡ ಜೌಗು ಬಯಲನ್ನು ಮಾಡುತ್ತಿತ್ತು. ಅಗಸಗಿತ್ತಿಯರು ಬಟ್ಟೆ ಒಗೆಯುತ್ತಿದ್ದ, ಹೇಸರಗತ್ತೆಗಳು ಮೇಯುತ್ತಿದ್ದ ಆ ಬಯಲಿನಲ್ಲಿ 1895ರ ಏಪ್ರಿಲ್‌ನಲ್ಲಿ ಗ್ಯಾಸ್ ಕಂಪನಿಯ ನೌಕರರಿಗೂ ರೈಲ್ವೆ ಕಂಪನಿಯ ನೌಕರರಿಗೂ ಒಂದು ಆಟ ನಡೆಯಿತು. ಆಡಿಸಿದವನು ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಚಾರ್ಲ್ಸ್ ಮಿಲ್ಲರ್. ಬ್ರೆಜಿಲ್ ಫುಟ್‌ಬಾಲ್ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರುಮಾಡುತ್ತಾರೆ. ನದಿಗಳ ಜೌಗು ಬಯಲಿಗೆ ಬೇಲಿ ಇರಲಿಲ್ಲ, ಒಡೆಯರ ಕಾಟವೂ ಕಡಿಮೆ. ಹಾಗಾಗಿ ಬೂಟಿಲ್ಲದ ಕಾರ್ಮಿಕರೂ ಅಲ್ಲಿ ಆಡಿದರು. 1910ರಲ್ಲಿ ಕೊರಿಂಥಿಯನ್ಸ್ ಕ್ಲಬ್ ಕಟ್ಟಿದವರು ಬೊಂ ರೆಚಿರೊ ಕೇರಿಯ ಅಂಥ ದುಡಿಯುವ ಜನರೇ. ಇಂದಿಗೂ ನಗರದ ಅಂಚಿನ ಬಡಾವಣೆಗಳ ಭಾನುವಾರದ ಆಟವನ್ನು ಅಲ್ಲಿನವರು ವಾರ್ಜಿಯಾ, ಅಂದರೆ ನೆರೆಬಯಲಿನ ಆಟ, ಎಂದೇ ಕರೆಯುತ್ತಾರೆ.

ತಿಯೆಟೆ ನದಿಯ ದಡದಲ್ಲೂ ದೋಣಿ ಹುಟ್ಟುಹಾಕುವ ಕ್ಲಬ್ಬುಗಳಿದ್ದವು. 1940ರ ದಶಕದವರೆಗೂ ಅದರಲ್ಲಿ ಈಜು ಸ್ಪರ್ಧೆ ನಡೆಯುತ್ತಿತ್ತು. ಈಗ ಆ ನದಿಯ ವಾಸನೆ ಕಾರಿನ ಕಿಟಕಿ ಏರಿಸಿದರೂ ಒಳಗೆ ಬರುತ್ತದೆ. ಮಧ್ಯೆ ನಡೆದದ್ದು ಒಂದು ದೊಡ್ಡ ಯೋಜನೆ. ಎಂಜಿನಿಯರ್ ಫ್ರಾನ್ಸಿಸ್ಕೊ ಪ್ರೆಸ್ತೆಸ್ ಮಾಯಾ 1930ರಲ್ಲಿ ಹೆದ್ದಾರಿಗಳ ನಕ್ಷೆ ಮುಂದಿಟ್ಟರು, 1938ರಲ್ಲಿ ತಾವೇ ಮೇಯರ್ ಆಗಿ ಅದನ್ನು ಜಾರಿಗೆ ತಂದರು. ಕಣಿವೆಗಳ ತಳದಲ್ಲಿ ರಸ್ತೆ ಹಾಕುವುದು ಅಗ್ಗ, ಅಲ್ಲಿ ಮನೆಗಳು ಕಡಿಮೆ ಎಂಬುದು ಲೆಕ್ಕ. ಅಲ್ಲಿಂದಾಚೆಗೆ ಇತೊರೊರೊ ಹಳ್ಳದ ಮೇಲೆ ‘ಮೇ 23’ ಎಂಬ ಹೆಸರಿನ ಹೆದ್ದಾರಿ, ಸರಾಕುರಾ ಹಳ್ಳದ ಮೇಲೆ ‘ಜುಲೈ 9’ ಎಂಬ ಹೆದ್ದಾರಿ ಬಂದವು. ಪಿನ್ಯೇರೋಸ್ ನದಿಗಂತೂ ಹರಿಯುವ ದಿಕ್ಕನ್ನೇ ಬದಲಿಸಿದರು. ಪಂಪು ಹಚ್ಚಿ ನೀರನ್ನು ಹಿಂದಕ್ಕೆ ತಳ್ಳಿ, ಬಿಲ್ಲಿಂಗ್ಸ್ ಜಲಾಶಯ ತುಂಬಿಸಿ, ಅಲ್ಲಿಂದ ಘಟ್ಟದ ಕೆಳಗೆ ಏಳುನೂರು ಮೀಟರಿಗೂ ಹೆಚ್ಚು ಆಳಕ್ಕೆ ಬೀಳಿಸಿ, ಕುಬಾತಾವೊ ಎಂಬಲ್ಲಿ ವಿದ್ಯುತ್ ತೆಗೆದರು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಅಸಾಧ್ಯ ಸಾಹಸ. ಆದರೆ ನಗರದ ಕೊಳಚೆಯೂ ಅದೇ ಪಂಪಿನಲ್ಲಿ ಹಿಂದಕ್ಕೆ ಹೋಗಿ ಜಲಾಶಯ ಸೇರಿತು. 1992ರಿಂದ ನೆರೆಯ ಸಂದರ್ಭ ಬಿಟ್ಟರೆ ಹಾಗೆ ತಳ್ಳುವುದನ್ನು ನಿಲ್ಲಿಸಿದ್ದಾರೆ.

ಇಷ್ಟೆಲ್ಲ ಮಾಡಿದ ಮೇಲೂ ನೀರು ತನ್ನ ಜಾಗವನ್ನು ಮರೆತಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಮಧ್ಯಾಹ್ನದ ಬಿರುಮಳೆಯಲ್ಲಿ ಮುಳುಗುವ ರಸ್ತೆಗಳನ್ನು ಗುರುತು ಹಾಕಿದರೆ ಹಳೆಯ ಹಳ್ಳಗಳ ನಕ್ಷೆಯೇ ಸಿದ್ಧವಾಗುತ್ತದೆ. 2014ರಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಬಂತು: ಮಳೆ ಕೈಕೊಟ್ಟು ಕಾಂತರೇರಾ ಜಲಾಶಯಗಳು ಬತ್ತಿದವು, ತೂಬಿನ ಮಟ್ಟಕ್ಕಿಂತ ಕೆಳಗಿನ ತಳದ ನೀರನ್ನು ಪಂಪಿನಿಂದ ಎತ್ತಬೇಕಾಯಿತು. ನಲ್ಲಿಯಲ್ಲಿ ನೀರಿಲ್ಲದೆ ಬಡಾವಣೆಗಳು ರಾತ್ರಿ ಕಳೆದವು, ಅವುಗಳ ನೆಲದಡಿ ನೀರು ಹರಿಯುತ್ತಲೇ ಇತ್ತು. ಯಾವ ಊರಿನಲ್ಲಿ ಕೆರೆ, ರಾಜಕಾಲುವೆ ಮುಚ್ಚುವ ಮಾತು ಬಂದರೂ ನನಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಸಿಟ್ಟೂ ಬರುತ್ತದೆ.

ಇನ್ನು ಜನ. ಕಾಫಿ ತೋಟಗಳಲ್ಲಿ ಮೊದಲು ದುಡಿದವರು ಆಫ್ರಿಕಾದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ, 1888ರ ಮೇ 13ರಂದು, ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿತು. ಬಿಡುಗಡೆಯಾದವರಿಗೆ ತುಂಡು ಭೂಮಿಯೂ ಸಿಗಲಿಲ್ಲ. ಅವರಿಗೆ ಕೂಲಿ ಕೊಟ್ಟು ಇಟ್ಟುಕೊಳ್ಳುವ ಬದಲು ತೋಟದ ಮಾಲೀಕರು ಸರ್ಕಾರದ ಖರ್ಚಿನಲ್ಲಿ ಯುರೋಪಿನಿಂದ ಜನ ತರಿಸಿಕೊಂಡರು. ಬ್ರಾಸ್ ಬಡಾವಣೆಯಲ್ಲಿ ರೈಲು ಹಳಿಗೆ ಹೊಂದಿಕೊಂಡೇ ವಲಸಿಗರ ಛತ್ರ ಕಟ್ಟಿದರು. 1887ರಿಂದ 1978ರವರೆಗೆ ಸುಮಾರು 25 ಲಕ್ಷ ಜನ ಅದರಲ್ಲಿ ತಂಗಿ ಹೋದರು. ಈಗ ಅದು ವಲಸೆಯ ವಸ್ತುಸಂಗ್ರಹಾಲಯ. ಇಟಲಿ, ಸ್ಪೇನ್, ಪೋರ್ಚುಗಲ್ಲಿನವರು ಬಂದರು, ಸಿರಿಯಾ, ಲೆಬನಾನಿನವರು ಬಂದು ಮಾರ್ಚ್ 25 ಬೀದಿಯಲ್ಲಿ ಜವಳಿ ಅಂಗಡಿ ಇಟ್ಟರು. 1908ರ ಜೂನ್‌ನಲ್ಲಿ ಕಾಸಾಟೊ ಮಾರು ಹಡಗಿನಲ್ಲಿ 781 ಮಂದಿ ಜಪಾನೀಯರು ಸಾಂತೋಸಿನಲ್ಲಿ ಇಳಿದರು. ಆಮೇಲೆ ಬ್ರೆಜಿಲ್ಲಿನದೇ ಈಶಾನ್ಯ ಭಾಗದ ಬರಗಾಲದಿಂದ ತಪ್ಪಿಸಿಕೊಂಡು ಬಂದವರು, ಇತ್ತೀಚೆಗೆ ಬೊಲಿವಿಯಾ, ಹೈಟಿಯವರು.

ಈ ಬೆರಕೆಯನ್ನು ಒಂದೇ ಕಡೆ ನೋಡಬೇಕೆಂದರೆ ಸಂತೆಗೆ ಹೋಗಬೇಕು. ವಾರದ ಗೊತ್ತಾದ ದಿನ ಗೊತ್ತಾದ ಬೀದಿಯಲ್ಲಿ ವಾಹನ ನಿಲ್ಲಿಸಿ ಸಂತೆ ಕೂಡುತ್ತದೆ, ಮಧ್ಯಾಹ್ನ ಕಳೆದ ಮೇಲೆ ರಸ್ತೆ ತೊಳೆದು ಬಿಡುತ್ತಾರೆ. ಸಂತೆಯ ತುದಿಯಲ್ಲಿ ತಪ್ಪದೆ ಪಾಸ್ತೆಲ್ ಕರಿಯುವ ಗಾಡಿ ಇರುತ್ತದೆ. ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಮೈದಾ ಹಿಟ್ಟಿನ ಆಯತಾಕಾರದ ಹಾಳೆ, ಒಳಗೆ ಚೀಸ್ ಅಥವಾ ತಾಳೆಯ ಎಳೆ ತಿರುಳು. ಎಣ್ಣೆಗೆ ಬಿಟ್ಟ ಕೂಡಲೇ ಮೈತುಂಬ ಗುಳ್ಳೆ ಎದ್ದು ದಿಂಬಿನಂತೆ ಉಬ್ಬುತ್ತದೆ. ಮೂಲೆ ಕಚ್ಚಿ ಆವಿ ಹೊರಗೆ ಬಿಟ್ಟು, ಆ ತೂತಿನಲ್ಲಿ ಖಾರದ ರಸ ಸುರಿದುಕೊಂಡು, ನಿಂತೇ ತಿನ್ನಬೇಕು. ಜೊತೆಗೆ ಆಗಷ್ಟೇ ಹಿಂಡಿದ ಕಬ್ಬಿನ ಹಾಲು, ಅದಕ್ಕೆ ನಿಂಬೆ ಅಥವಾ ಅನಾನಸ್. ಚೀನೀ ತಿಂಡಿಯೊಂದನ್ನು ಜಪಾನೀ ವಲಸಿಗರು ಸಂತೆಗೆ ತಂದು ಹಬ್ಬಿಸಿದರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಹೋಗುತ್ತಿದ್ದ ಗಾಡಿಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದಾಕೆ ಜಪಾನೀ ಮೂಲದ ಅಜ್ಜಿ, ಎಣ್ಣೆಯ ಮುಂದೆ ನಿಲ್ಲುತ್ತಿದ್ದವನು ಈಶಾನ್ಯದ ಬಾಹಿಯಾದ ಹುಡುಗ. ಸಂತೆ ಮುಗಿಯುವ ಹೊತ್ತಿಗೆ ಬೆಲೆಗಳು ಧಡಕ್ಕನೆ ಇಳಿಯುತ್ತವೆ. ಮಾಗಿ ಹೋದ ಬಾಳೆ, ಮುರಿದ ಸೊಪ್ಪಿಗಾಗಿ ಚೀಲ ಹಿಡಿದು ಕಾದವರು ಆಗ ಬರುತ್ತಾರೆ. ವ್ಯಾಪಾರಿಗಳು ಕೆಲವರಿಂದ ದುಡ್ಡನ್ನೇ ಕೇಳುವುದಿಲ್ಲ. ಕೊಡುವವರೂ ಪಡೆಯುವವರೂ ಅದನ್ನು ದೊಡ್ಡದು ಮಾಡುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿತು.

ಲಿಬೆರ್ದಾದೆ ಬಡಾವಣೆಯನ್ನು ಪ್ರವಾಸಿಗರು ಜಪಾನೀ ಕೇರಿ ಎಂದೇ ತಿಳಿದು ಹೋಗುತ್ತಾರೆ. ಕೆಂಪು ಕಮಾನು, ಲಾಟೀನು ದೀಪಗಳು ಹಾಗೆಯೇ ನಂಬಿಸುತ್ತವೆ. ಅದಕ್ಕೂ ಮೊದಲು ಅಲ್ಲಿ ಗಲ್ಲುಗಂಬವಿತ್ತು. ಗುಲಾಮರನ್ನೂ ಗಲ್ಲಿಗೇರಿದವರನ್ನೂ ಹೂಳುತ್ತಿದ್ದ ಮಸಣವಿತ್ತು. ಆ ಮಸಣದ ಪುಟ್ಟ ಪ್ರಾರ್ಥನಾ ಮಂದಿರ ಅಂಗಡಿಗಳ ಹಿಂದಿನ ಸಂದಿಯೊಂದರಲ್ಲಿ ಇನ್ನೂ ಉಳಿದಿದೆ. 2018ರಲ್ಲಿ ಪಕ್ಕದ ಕಟ್ಟಡ ಕೆಡವಿದಾಗ ನೆಲದಿಂದ ಮನುಷ್ಯರ ಎಲುಬುಗಳು ಎದ್ದವು. ಅದೇ ವರ್ಷ ಅಲ್ಲಿನ ಮೆಟ್ರೊ ನಿಲ್ದಾಣಕ್ಕೆ ಜಪಾನಿನ ಹೆಸರನ್ನೂ ಸೇರಿಸಿದರು. ಕಪ್ಪು ಜನರ ಸಂಘಟನೆಗಳು ಇದನ್ನು ವಿರೋಧಿಸಿದ್ದು ನ್ಯಾಯವಾಗಿಯೇ ಇತ್ತು.

ನೆಲದಡಿಯ ಹಳ್ಳಕ್ಕೆ ಗೌರವ ಕೊಟ್ಟು ಕಟ್ಟಿದ ಒಂದು ಜಾಗವೂ ಈ ಊರಿನಲ್ಲಿದೆ. ಪೊಂಪೇಯದಲ್ಲಿ ಪೀಪಾಯಿ ಮಾಡುತ್ತಿದ್ದ ಹಳೆಯ ಕಾರ್ಖಾನೆಯನ್ನು ಸೆಸ್ಕ್ ಎಂಬ ಸಂಸ್ಥೆ ಕೊಂಡಿತ್ತು. 1946ರಲ್ಲಿ ಶುರುವಾದ ಸೆಸ್ಕ್ ನಡೆಯುವುದು ವ್ಯಾಪಾರಿ ಸಂಸ್ಥೆಗಳು ತಮ್ಮ ಸಂಬಳದ ಮೊತ್ತದ ಮೇಲೆ ಕಡ್ಡಾಯವಾಗಿ ಕಟ್ಟುವ ವಂತಿಗೆಯಿಂದ. ಕಾರ್ಖಾನೆ ಕೆಡವಿ ಹೊಸದಾಗಿ ಕಟ್ಟುವ ಆಲೋಚನೆಯಿತ್ತು. 1970ರ ದಶಕದಲ್ಲಿ ವಾಸ್ತುಶಿಲ್ಪಿ ಲೀನಾ ಬೊ ಬಾರ್ದಿ ಅಲ್ಲಿಗೆ ಹೋದಾಗ ಖಾಲಿ ಶೆಡ್ಡುಗಳಲ್ಲಿ ಮಕ್ಕಳು ಚೆಂಡಾಡುತ್ತಿದ್ದರು, ಮನೆಮಂದಿ ಬುತ್ತಿ ಬಿಚ್ಚಿ ಕೂತಿದ್ದರು. ಇಲ್ಲಿ ಆಗಲೇ ಇರುವ ಸಂತೋಷವನ್ನು ಉಳಿಸಿಕೊಂಡರೆ ಸಾಕು ಎಂದು ಆಕೆ ತೀರ್ಮಾನಿಸಿದರು. ಇಟಲಿಯಲ್ಲಿ ಹುಟ್ಟಿ 1946ರಲ್ಲಿ ಬ್ರೆಜಿಲ್ಲಿಗೆ ಬಂದ ಲೀನಾ, ಪೌಲಿಸ್ತಾ ಹೆದ್ದಾರಿಯ ಕಲಾ ಸಂಗ್ರಹಾಲಯವನ್ನೂ ವಿನ್ಯಾಸ ಮಾಡಿದವರು. 1968ರಲ್ಲಿ ಉದ್ಘಾಟನೆಯಾದ ಆ ಕಟ್ಟಡವನ್ನು ಎರಡು ಕೆಂಪು ಚೌಕಟ್ಟುಗಳಿಂದ ನೇತುಹಾಕಿ, ಕೆಳಗಿನ ನೆಲವನ್ನು ಪೂರ್ತಿ ಊರಿಗೇ ಬಿಟ್ಟುಕೊಟ್ಟಿದ್ದಾರೆ. ಮಹಾನಗರದ ಎಷ್ಟೋ ಮೆರವಣಿಗೆಗಳು ಸೇರುವುದು ಆ ನೆರಳಿನಲ್ಲೇ.

1982ರಲ್ಲಿ ತೆರೆದ ಸೆಸ್ಕ್ ಪೊಂಪೇಯದಲ್ಲಿ ನಾನು ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಗೇಟು ದಾಟಿದರೆ ಕಲ್ಲು ಹಾಸಿದ ಬೀದಿ, ಎರಡೂ ಬದಿಗೆ ಗಾರೆ ಕಾಣದ ಇಟ್ಟಿಗೆ ಶೆಡ್ಡುಗಳು. ಒಂದರೊಳಗೆ ನೆಲದಲ್ಲಿ ಅಂಕುಡೊಂಕಾದ ಕಾಲುವೆ ಕೊರೆದು ನೀರು ನಿಲ್ಲಿಸಿದ್ದಾರೆ, ತಳದಲ್ಲಿ ಉರುಟು ಕಲ್ಲುಗಳು. ಪಕ್ಕದಲ್ಲಿ ನಿಜವಾದ ಬೆಂಕಿಯ ಒಲೆ. ಮಕ್ಕಳು ಕಾಲುವೆಯ ಅಂಚಿನಲ್ಲಿ ನಡೆಯುತ್ತಾರೆ, ಮುದುಕರು ಚದುರಂಗ ಆಡುತ್ತಾರೆ, ಪಾಳಿ ಮುಗಿಸಿ ಬಂದ ಯಾರೋ ಸೋಫಾದಲ್ಲಿ ನಿದ್ದೆ ಹೋಗಿರುತ್ತಾರೆ. ಯಾರೂ ಎಬ್ಬಿಸುವುದಿಲ್ಲ. ಒಳಗೆ ಬರಲು ಟಿಕೆಟ್ ಇಲ್ಲ, ಏನನ್ನಾದರೂ ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಊಟದ ಮನೆಯಲ್ಲಿ ಉದ್ದನೆಯ ಮೇಜುಗಳು, ಅಪರಿಚಿತರ ಪಕ್ಕದಲ್ಲೇ ಕೂರಬೇಕು.

ಬೀದಿಯ ಕೊನೆಯಲ್ಲಿ ಕ್ರೀಡೆಗೆಂದು ಕಟ್ಟಿದ ಎರಡು ಕಾಂಕ್ರೀಟ್ ಗೋಪುರಗಳಿವೆ. ಅವೆರಡರ ನಡುವಿನ ಪಟ್ಟಿಯಡಿ ಹರಿಯುವುದು ಅದೇ ಆಗ್ವಾ ಪ್ರೆಟಾ. ಹಳ್ಳದ ಮೇಲೆ ಕಟ್ಟುವಂತಿಲ್ಲ ಎಂಬ ನಿಯಮವಿತ್ತು. ಅದಕ್ಕೆ ಲೀನಾ ಕ್ರೀಡಾಂಗಣಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಮಾಡಿ, ಬಟ್ಟೆ ಬದಲಿಸುವ ಕೋಣೆಗಳನ್ನು ಇನ್ನೊಂದು ಗೋಪುರದಲ್ಲಿ ಇಟ್ಟು, ನಡುವೆ ಆಕಾಶದಲ್ಲಿ ಕವಲೊಡೆಯುವ ಸೇತುವೆಗಳನ್ನು ಹಾಯಿಸಿದರು. ಆಡುವವರು ಹಳ್ಳದ ಮೇಲಿಂದಲೇ ಅತ್ತಿತ್ತ ದಾಟುತ್ತಾರೆ. ಕಿಟಕಿಗಳಿಗೆ ಗಾಜಿಲ್ಲ; ಗುಹೆಯ ಬಾಯಿಯಂಥ ಅಡ್ಡಾದಿಡ್ಡಿ ತೂತುಗಳು, ಒಳಗಿನಿಂದ ಕೆಂಪು ಮರದ ಜಾಲರಿ. ಕೆಳಗೆ ಹಳ್ಳದ ಉದ್ದಕ್ಕೂ ಮರದ ಹಲಗೆ ಹಾಸಿದ್ದಾರೆ. ಕಡಲಿಲ್ಲದ ಈ ಊರಿನ ಜನ ಅದನ್ನು ತಮ್ಮ ಕಡಲತೀರ ಎಂದು ಕರೆದು ಬಿಸಿಲಿನ ದಿನ ಟವೆಲ್ ಹಾಸಿ ಮಲಗುತ್ತಾರೆ. ನಾನು ನೋಡಿದ ಸಾರ್ವಜನಿಕ ಕಟ್ಟಡಗಳಲ್ಲಿ ಇದಕ್ಕಿಂತ ಮನುಷ್ಯರ ಮೇಲೆ ಪ್ರೀತಿಯಿರುವ ಇನ್ನೊಂದಿಲ್ಲ.

ಅನ್ಯಂಗಬಾವು ಕಣಿವೆಯ ಹಳ್ಳವೂ ಈಗ ನೆಲದಡಿಯಲ್ಲಿದೆ. ಸೈನಿಕ ಆಡಳಿತದ ಕೊನೆಯ ವರ್ಷಗಳಲ್ಲಿ, 1984ರ ಏಪ್ರಿಲ್ 16ರಂದು, ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕು ಕೇಳಿ ಆ ತಗ್ಗಿನಲ್ಲಿ ನೆರೆದವರನ್ನು ಹತ್ತು ಲಕ್ಷಕ್ಕೂ ಹೆಚ್ಚೆಂದು ಅಂದಾಜಿಸಿದರು. ವೇದಿಕೆಯ ಮೇಲೆ ಕೊರಿಂಥಿಯನ್ಸ್ ಆಟಗಾರ ಸಾಕ್ರಟೀಸ್ ಕೂಡ ಇದ್ದರು. ತರಬೇತಿಯ ಹೊತ್ತಿನಿಂದ ಹಿಡಿದು ಎಲ್ಲವನ್ನೂ ಆಟಗಾರರು, ನೌಕರರು ಮತ ಹಾಕಿ ನಿರ್ಧರಿಸುವ ಪದ್ಧತಿಯನ್ನು ತಮ್ಮ ಕ್ಲಬ್ಬಿನಲ್ಲಿ ತಂದವರಲ್ಲಿ ಅವರೂ ಒಬ್ಬರು. ನೇರ ಆಯ್ಕೆಯ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿ ಗೆದ್ದರೆ ಇಟಲಿಗೆ ಹೋಗದೆ ಇಲ್ಲೇ ಉಳಿಯುತ್ತೇನೆ ಎಂದು ಅವರು ಜನರಿಗೆ ಮಾತು ಕೊಟ್ಟರು. ಒಂಬತ್ತು ದಿನಗಳ ನಂತರ ಸಂಸತ್ತಿನಲ್ಲಿ ತಿದ್ದುಪಡಿ ಬಿದ್ದುಹೋಯಿತು, ಸಾಕ್ರಟೀಸ್ ಫ್ಲಾರೆನ್ಸಿನ ತಂಡಕ್ಕೆ ಹೊರಟುಹೋದರು. ಮರುವರ್ಷ ಸೈನಿಕ ಆಡಳಿತ ಕೊನೆಗೊಂಡಿತು.

ತಿಯೆಟೆ ದಡದ ಕನಿಂದೆ ಎಂಬ ಕೊಳೆಗೇರಿಯಲ್ಲಿ ಕರೊಲಿನಾ ಮರಿಯಾ ದೆ ಜೆಸೂಸ್ ಎಂಬ ಕಪ್ಪು ಹೆಣ್ಣುಮಗಳಿದ್ದರು. ರದ್ದಿ ಕಾಗದ ಆಯ್ದು ಮಾರಿ ಮೂರು ಮಕ್ಕಳನ್ನು ಸಾಕುತ್ತ, ಸಿಕ್ಕ ನೋಟ್‌ಬುಕ್ಕುಗಳ ಖಾಲಿ ಹಾಳೆಗಳಲ್ಲಿ ಹಸಿವಿನ ದಿನಚರಿ ಬರೆದರು. 1960ರಲ್ಲಿ ಅದು ಅಚ್ಚಾಗಿ ಹಲವು ಭಾಷೆಗಳಿಗೆ ಹೋಯಿತು. ಅದಾದ ಸ್ವಲ್ಪ ಸಮಯದಲ್ಲೇ ನದಿಯ ಪಕ್ಕ ಹೆದ್ದಾರಿ ಹಾಕಲು ಆ ಕೇರಿಯನ್ನೇ ಎಬ್ಬಿಸಿದರು. ಊರಿನ ದಕ್ಷಿಣದ ಅಂಚಿನಲ್ಲಿ ಆಕೆಯ ಪರಂಪರೆಗೆ ಸೇರಿದ ಜನ ಈಗಲೂ ಬರೆಯುತ್ತಿದ್ದಾರೆ. ಕವಿ ಸೆರ್ಜಿಯೊ ವಾಜ್ ಮತ್ತು ಗೆಳೆಯರು 2001ರಲ್ಲಿ ಶುರುಮಾಡಿದ ಕೊಪೆರಿಫಾ ಎಂಬ ಕವಿಗೋಷ್ಠಿ ನಡೆಯುವುದು ಒಂದು ಸಾಧಾರಣ ಬಾರಿನಲ್ಲಿ. ಅಧ್ಯಕ್ಷರಿಲ್ಲ, ಹಾರ ತುರಾಯಿಗಳಿಲ್ಲ. ಮನೆಗೆಲಸದವರು, ಬೈಕಿನಲ್ಲಿ ಪಾರ್ಸೆಲ್ ಒಯ್ಯುವ ಹುಡುಗರು, ಶಾಲೆಯ ಮೇಷ್ಟ್ರು ಸರದಿಯಂತೆ ಎದ್ದು ಕವಿತೆ ಹೇಳುತ್ತಾರೆ, ಎಲ್ಲರಿಗೂ ಅದೇ ಚಪ್ಪಾಳೆ.

ಕೊನೆಗೆ ಬಿಶಿಗಾ. ಪಿಜ್ಜಾ ಅಂಗಡಿಗಳ ಇಟಾಲಿಯನ್ ಕೇರಿ ಎಂದು ಹೆಸರಾದ ಇದರ ತಗ್ಗಿನಲ್ಲಿ, ಸರಾಕುರಾ ಹಳ್ಳದ ಪೊದೆಗಳ ನಡುವೆ, ತಪ್ಪಿಸಿಕೊಂಡ ಗುಲಾಮರು ನೆಲೆ ಮಾಡಿಕೊಂಡಿದ್ದರು. ವಾಯ್-ವಾಯ್ ಎಂಬ ಸಾಂಬಾ ತಂಡ 1930ರಲ್ಲಿ ಹುಟ್ಟಿದ್ದು ಅವರ ಮೊಮ್ಮಕ್ಕಳ ಕೇರಿಯಲ್ಲಿ. ಆ ತಂಡದ ಅಂಗಳವನ್ನು 2021ರಲ್ಲಿ ಮೆಟ್ರೊ ನಿಲ್ದಾಣಕ್ಕಾಗಿ ಕೆಡವಿದರು. ಮರುವರ್ಷ ಅಗೆತದಲ್ಲಿ ಆ ಹಳೆಯ ನೆಲೆಯ ಕುರುಹುಗಳು ಸಿಕ್ಕವು. ಅಲ್ಲೇ ಸಮೀಪದಲ್ಲಿ ಲೀನಾ ಮತ್ತು ಎಡ್ಸನ್ ಎಲಿತೊ ರೂಪಿಸಿದ ಒಫಿಸಿನಾ ರಂಗಮಂದಿರವಿದೆ. ಅದರ ಪಕ್ಕದ ಖಾಲಿ ನೆಲದಡಿ ಬಿಶಿಗಾ ಹಳ್ಳ ಹರಿಯುತ್ತದೆ. ಅಲ್ಲಿ ಬಹುಮಹಡಿ ಕಟ್ಟಡಗಳು ಬರಬಾರದೆಂದು ನಿರ್ದೇಶಕ ಜೆ ಸೆಲ್ಸೊ ನಾಲ್ಕು ದಶಕ ಹೋರಾಡಿದರು, 2023ರಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ತೀರಿಕೊಂಡರು. 2024ರಲ್ಲಿ ಆ ನೆಲವನ್ನು ಉದ್ಯಾನಕ್ಕಾಗಿ ಕೊಳ್ಳಲು ನಗರಾಡಳಿತ ಒಪ್ಪಿತು. ಉದ್ಯಾನದ ನಡುವೆ ಹಳ್ಳವನ್ನು ತೆರೆದು ಹರಿಯಬಿಡಬೇಕು, ಸರಾಕುರಾದಲ್ಲಿ ಸಿಕ್ಕ ವಸ್ತುಗಳನ್ನು ದೂರದ ಗೋದಾಮಿಗೆ ಸಾಗಿಸದೆ ಬಿಶಿಗಾದಲ್ಲೇ ಉಳಿಸಿಕೊಳ್ಳಬೇಕು ಎಂದು ಕೇರಿಯವರು ಕೇಳುತ್ತಿದ್ದಾರೆ. ಎರಡೂ ಆಗಲಿ ಎಂದು ನಾನು ಮನಸಾರೆ ಬಯಸುತ್ತೇನೆ.